ತೊಟ್ಟಿಯ ನಡುವಿನ ಕಲ್ಲು

"ಕಲ್ಲಿಗೆ ಕೈ ಹಚ್ಚಬ್ಯಾಡ್ರಿ ಸಾಹೇಬ್ರ!"

ಇಂಜಿನಿಯರ್ ಸುಮಧ್ವ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಕಲ್ಲು ಅವನದೇ. ಹೋದ ತಿಂಗಳು ತಾನೇ ಬಿಸಿಲಲ್ಲಿ ನಿಂತು ನೆಡಿಸಿದ ಸರ್ವೆ ಕಲ್ಲು. ಬಳಿದ ಸುಣ್ಣವೂ ಸರ್ಕಾರದ್ದೇ. ಈಗ ನೋಡಿದರೆ ಮೈತುಂಬ ಅರಿಶಿನ, ನೆತ್ತಿಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ. ಕಲ್ಲಿಗೆ ಕೊರಳು ಎಲ್ಲಿಂದ ಬಂತೋ ಆ ಹಾರ ಹಾಕಿದವರನ್ನೇ ಕೇಳಬೇಕು. ಮೇಲೊಂದು ತಗಡಿನ ಚಪ್ಪರ, ಸುತ್ತ ಊರ ಹೆಂಗಸರು.

"ಇದು ದೇವರಲ್ರೀ! ಚರಂಡಿ ನೀರು ಶುದ್ಧ ಮಾಡೋ ತೊಟ್ಟಿ ಎಲ್ಲಿ ಬರ್ತದ ಅಂತ ಗುರುತಿಗೆ ನೆಟ್ಟ ಕಲ್ಲು!"

ಆ ಮಾತು ಆಡಬಾರದಿತ್ತು. ದೇವರು, ಚರಂಡಿ ಎರಡನ್ನೂ ಒಂದೇ ಉಸಿರಿನಲ್ಲಿ ಅಂದುಬಿಟ್ಟನಲ್ಲ ಎಂದು ಹೆಂಗಸರು ಕೆನ್ನೆ ಬಡಿದುಕೊಂಡರು.

ಸುಮಧ್ವನಿಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಬರದೆ ಏನು ಮಾಡೀತು? ಹೊಸಪೇಟೆ ಎತ್ತ ಬೇಕತ್ತ ಬೆಳೆಯುತ್ತಿದೆ. ಹಳೆಯ ಶುದ್ಧೀಕರಣ ಘಟಕಕ್ಕೆ ಅರ್ಧ ಊರಿನ ಕೊಳಚೆಯನ್ನೂ ತಡೆದುಕೊಳ್ಳಲಾಗುತ್ತಿಲ್ಲ. ಮಿಕ್ಕಿದ್ದು ಹಳ್ಳ ಸೇರಿ, ಹಳ್ಳ ಹೊಳೆ ಸೇರಿ, ಕೆಳಗಿನ ಊರುಗಳ ಮಕ್ಕಳಿಗೆ ವಾಂತಿಭೇದಿ. ಸುತ್ತಲ ಹಳ್ಳಿಗಳನ್ನೂ ಸೇರಿಸಿ ದೊಡ್ಡ ಘಟಕ ಕಟ್ಟುವ ಯೋಜನೆ ಮಾಡು ಎಂದು ಇಲಾಖೆ ಅವನ ಹೆಗಲಿಗೆ ಕಟ್ಟಿತು. ಹಂಪಿಯ ಕಡೆ ಜಾಗ ನೋಡಿದ. ಅಲ್ಲಿ ಗುದ್ದಲಿ ಹಾಕಿದಲ್ಲೆಲ್ಲ ಹಳೆಯ ಕಾಲದ ಗೋಡೆ, ಅಗೆಯುವಂತಿಲ್ಲ. ಸಂಡೂರು ರಸ್ತೆಯಲ್ಲಿ ನೋಡಿದ. ಬರೀ ಬಂಡೆ, ಜೊತೆಗೆ ಕೋರ್ಟಿನ ತಡೆ. ಕೊನೆಗೆ ಕಂಪ್ಲಿ ರಸ್ತೆಯ ಈ ಸರ್ಕಾರಿ ಬಂಜರು ಸಿಕ್ಕಿತು. ಶುದ್ಧವಾದ ನೀರನ್ನು ಹೊಲಗಳಿಗೆ ಕೊಡುತ್ತೇವೆ ಎಂದ ಮೇಲೆ ಊರಿನವರೂ ಒಪ್ಪಿದರು. ಅವತ್ತಿನ ಖುಷಿ ಏನು ಹೇಳುವುದು! ಕಂಪ್ಲಿಯ ಮದುವೆಗೆ ತಾಯಿಯನ್ನು ಕರೆದೊಯ್ಯುವಾಗ ಕಾರು ನಿಲ್ಲಿಸಿ, ಮನೆ ಕಟ್ಟಿಸಿದವನ ಹಾಗೆ ಬೆರಳು ಮಾಡಿ ಈ ಕಲ್ಲನ್ನು ತೋರಿಸಿದ್ದ.

ಆಮೇಲೆ ಬಂತು ಶುಕ್ರವಾರ. ಹಿಂದಿನ ದಿನ ತಾಯಿ ಯಮುನಾಬಾಯಿ ಭಜನಾ ಮಂಡಳಿಯವರೊಂದಿಗೆ ಆನೆಗೊಂದಿಗೆ ಹೋಗಿ ನವಬೃಂದಾವನದ ಪ್ರಸಾದ ತಂದಿದ್ದರು. ಅದಿನ್ನೂ ಬಾಯಲ್ಲಿರುವಾಗಲೇ ಜೀಪಿನ ಡ್ರೈವರ್ ಹುಲುಗೇಶನ ಫೋನು: "ಸಾರ್, ನಮ್ ಕಲ್ಲು ದೇವ್ರಾಗೇತಿ."

ಇವತ್ತು ಸೋಮವಾರ. ನಾಳೆ ಬೆಳಿಗ್ಗೆ ಹಣ ಮಂಜೂರು ಮಾಡುವ ಸಮಿತಿಯ ಸಭೆ. ಜಾಗ ತಕರಾರಿಲ್ಲದೆ ಇದ್ದರೆ ಘಟಕ. ಇಲ್ಲದಿದ್ದರೆ ಹಣ ಬೇರೆ ಜಿಲ್ಲೆಗೆ.

"ನೋಡ್ರಿ ಮೈಲಾರಲಿಂಗಪ್ಪ," ಸುಮಧ್ವ ಊರ ಹಿರಿಯನ ಕಡೆ ತಿರುಗಿದ. "ಒಪ್ಪಿಗಿ ಕೊಟ್ಟೋರು ನೀವು. ಈಗ ಹಿಂದಿನಿಂದ ಈ ಆಟ ಹೂಡಿದೋರೂ ನೀವೇ. ನನಗ ತಿಳಿಯಂಗಿಲ್ಲ ಅನ್ಕೊಂಡ್ರೇನು?"

"ನಮ್ಮಪ್ಪನಾಣಿ ನಾವು ಹಚ್ಚಿಲ್ರೀ," ಎಂದ ಮೈಲಾರಲಿಂಗಪ್ಪ. "ಶುಕ್ರಾರ ಮುಂಜಾನಿ ದನ ಬಿಡಾಕ ಬಂದ್ರ ಆಗಲೇ ಪೂಜಿ ಆಗಿತ್ತು. ಕಾಯಿ ಒಡ್ದಿತ್ತು. ಊರಾಗ ಮನಿಮನಿಗೆ ಕೇಳೀನಿ, ಯಾರೂ ಮಾಡಿಲ್ಲ. ಅದೂ ಶುಕ್ರಾರ ನೋಡ್ರಿ, ಅಮ್ಮನ ವಾರ! ನಮಗೂ ನೀರು ಬೇಕು ಸಾಹೇಬ್ರ. ಯಾರಾರ ಬಂದು ನಾನೇ ಹಚ್ಚಿದ್ದು ಅಂತ ಈ ಕಲ್ಲಿನ ಮುಂದ ಹೇಳ್ಲಿ, ಈಗಿಂದೀಗ ಚಪ್ಪರ ಕಿತ್ತು ಕೊಡ್ತೀವಿ. ಇಲ್ಲಾಂದ್ರ ಆಕಿ ತಾನಾಗೇ ಬಂದು ನೆಲೆಸ್ಯಾಳ ಅಂತ."

"ಹೇಳಿಸ್ತೀನಿ!" ಸುಮಧ್ವ ಕೂಗಿದ. ಹೆಂಗಸರೆಲ್ಲ ತಿರುಗಿ ನೋಡಿದರು. "ಹಚ್ಚಿದವರನ್ನ ಹಿಡಿದು ತಂದು, ಇಲ್ಲೇ ನಿಲ್ಲಿಸಿ, ಎಲ್ಲರ ಮುಂದ ತಪ್ಪಾತು ಅನ್ನಿಸದಿದ್ರ ನನ್ನ ಹೆಸರು ಸುಮಧ್ವನೇ ಅಲ್ಲ!"

ಅಲ್ಲಿಂದ ಸೀದಾ ಠಾಣೆಗೆ ಹೋದ. ಸರ್ಕಾರಿ ಗುರುತಿನ ಕಲ್ಲನ್ನು ಕೆಡಿಸಿ ಯೋಜನೆಗೆ ಅಡ್ಡಗಾಲು ಹಾಕಿದ ಕಿಡಿಗೇಡಿಯ ಮೇಲೆ ದೂರು ಬರೆದುಕೊಟ್ಟ. ಇನ್ಸ್‌ಪೆಕ್ಟರ್ ಓದಿ ನೋಡಿ, "ದೇವರ ವಿಷಯ ಸಾರ್. ಹಿರಿಯರು ಯಾರಾದ್ರೂ ಭಕ್ತಿಗೆ ಮಾಡಿರಬಹುದು. ಕೇಸೇ ಬೇಕಾ?" ಎಂದ.

"ಹಿರಿಯರಿರಲಿ, ಕಿರಿಯರಿರಲಿ. ಒಳಗ ಹಾಕ್ರಿ. ಕನಿಕರ ಬ್ಯಾಡ."

ಮೇಲಧಿಕಾರಿ ನಾಗಭೂಷಣ ಫೋನಿನಲ್ಲಿ ಅಂದದ್ದು ಒಂದೇ ಮಾತು. ಯಾರು ಮಾಡಿದ್ದೆಂದು ಗೊತ್ತಾದರೆ ಜಾಗ ಉಳಿಯುತ್ತದೆ, ಇಲ್ಲದಿದ್ದರೆ ನಾಳೆ ಸಭೆಗೆ ಬಂದು ಏನು ಮಾಡುತ್ತೀಯ?

ಸಂಜೆ ಮನೆಗೆ ಬಂದವನು ಚಪ್ಪಲಿಯನ್ನು ಮೂಲೆಗೆ ಎಸೆದ. ಆಫೀಸಿನ ರಾಮಾಯಣವನ್ನು ಮನೆಯಲ್ಲಿ ಬಿಚ್ಚುವ ಅಭ್ಯಾಸ ಅವನಿಗಿರಲಿಲ್ಲ. ಯಮುನಾಬಾಯಿಗೆ ಬಿಪಿ. ಕೈ ತೊಳೆದು ತಟ್ಟೆಯ ಮುಂದೆ ಕುಳಿತ. ತಾಯಿ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಮುಖ ನೋಡಿದರು.

"ಯಾಕೋ, ಮತ್ತ ಅದೇ ಕೆಲಸದ ತಲಿಬಿಸಿ ಏನು?"

"ಬಿಡಮ್ಮ. ಯಾರೋ ಮನೆಹಾಳರು ನನ್ನ ಹೊಟ್ಟಿ ಉರಸ್ಲಿಕ್ಕತ್ತಾರ. ಅವರ ಕೈಗೆ ಹುಳ ಬೀಳ್ಲಿ."

"ಥೂ, ಊಟದ ಮುಂದ ಕುತು ಹಂಗೆಲ್ಲಾ ಅನಬ್ಯಾಡೋ." ಯಮುನಾಬಾಯಿ ಸಾರು ಬಡಿಸುತ್ತ ಮಗನ ಬೆನ್ನು ಸವರಿದರು. "ಯಾರ ಏನ ಮಾಡಿದ್ರೂ ಈ ಸರ್ತಿ ನಿನ್ನ ಕೆಲಸ ನಿಲ್ಲಂಗಿಲ್ಲ. ನೀ ಅಂತೂ ಭೂಮಿಪೂಜಿ ಮಾಡಿಸೋನಲ್ಲ. ಗುರುವಾರ ಆನೆಗೊಂದಿಯಿಂದ ಬರ್ತಾ ಟೆಂಪೋ ನಿಲ್ಲಿಸಿ, ನೀ ತೋರಿಸಿದ್ಯಲ್ಲ ಆ ಬಿಳೀ ಕಲ್ಲು, ಅದಕ್ಕ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ನಾನೇ ಪೂಜಿ ಮಾಡಿ ಬಂದೀನಿ."