ಒಂದು ಮೊಳ ಮಣ್ಣು

ಯುಗಾದಿಯ ಬೆನ್ನಿಗೆ ಬಿದ್ದ ಒಂದೇ ಒಂದು ಅಡ್ಡಮಳೆಗೆ ಪದ್ಮವ್ವನ ಹೊಲದ ಬದು ಕುಸಿದು ಮೈದುನ ದುಂಡಪ್ಪನ ಹೊಲದೊಳಗೆ ಬಿತ್ತು. ಬೆಳಿಗ್ಗೆ ಬಂದು ನೋಡಿದರೆ ಎರಡು ಮಾರು ಅಗಲ ಬಾಯಿ ತೆರೆದಿತ್ತು. ಹೋದ ಸುಗ್ಗಿಯವರೆಗೆ ಎರಡೂ ಹೊಲ ಒಂದೇ ಮಟ್ಟದಲ್ಲಿದ್ದವು. ಈಗ ಅವನದು ಸೊಂಟದಷ್ಟು ಕೆಳಗೆ. ಗಂಡ ಗುರುಪುತ್ರಪ್ಪ ಸಲಿಕೆ ಹಿಡಿದು ನಿಂತಿದ್ದ. ಬದು ಕಟ್ಟಲು ಮಣ್ಣು ಬೇಕು, ಮಣ್ಣು ಬೇಕೆಂದರೆ ತನ್ನ ಹೊಲವನ್ನೇ ಅಗೆಯಬೇಕು. ತಮ್ಮನ ಮುಂದೆ ಮಾತೆತ್ತಿದವನಲ್ಲ ಅವನು.

ದುಂಡಪ್ಪ ಮಣ್ಣು ಮಾರಿದ್ದ. ಅದು ಎಂಬತ್ತೊಂದನೆಯ ಇಸವಿ. ಬೆಳಗಾವಿಯಲ್ಲಿ ಶಿವಬಸವ ನಗರದ ಕಡೆ ಮನೆಯ ಮೇಲೆ ಮನೆ ಏಳುತ್ತಿದ್ದವು, ದೇಸೂರಿನ ದಾರಿಗೆ ಇಟ್ಟಂಗಿ ಭಟ್ಟಿಗಳು ಬಂದಿದ್ದವು. ಹೊಲ ಎಲ್ಲಿಗೂ ಹೋಗುವುದಿಲ್ಲ, ಮೇಲಿನ ಒಂದು ಮೊಳ ಮಣ್ಣು ಮಾತ್ರ ಎಂದು ಭಟ್ಟಿಯ ಮಾಲಕ ಹೇಳಿದ್ದ. ಎಂಟು ದಿನ ಲಾರಿ ಓಡಾಡಿದವು. ಮೊಳ ಎಲ್ಲಿ ಮುಗಿಯಿತೆಂದು ಯಾರೂ ಕೈ ಇಟ್ಟು ನೋಡಲಿಲ್ಲ. ಅಡಿಯ ಕಲ್ಲುಕಲ್ಲಾದ ಕೆಂಪು ಗರಸು ಮೇಲೆ ಬಂದ ಮೇಲೆ ಲಾರಿ ತಾವಾಗಿಯೇ ನಿಂತವು.

ಆ ಮಣ್ಣು ಅಲ್ಲಿ ತಾನಾಗಿ ಇದ್ದದ್ದೂ ಅಲ್ಲ. ಮಾವ ಸಾತಪ್ಪ ಮೂವತ್ತು ಬೇಸಿಗೆ ಕೆರೆಯ ಗೋಡು, ಅಂದರೆ ತಳದ ಕಪ್ಪು ಹೂಳು, ಹೇರಿ ಹೇರಿ ಮಾಡಿದ್ದು. ಕೆರೆ ಬತ್ತಿದ ಮರುದಿನವೇ ಗಾಡಿ ಹೂಡುತ್ತಿದ್ದ. ಮದುವೆಯಾಗಿ ಬಂದ ವರ್ಷ, ಕೈಯ ಅರಿಷಿಣ ಹೋಗುವ ಮೊದಲೇ ಪದ್ಮವ್ವನ ತಲೆಯ ಮೇಲೆ ಗೋಡಿನ ಬುಟ್ಟಿ ಬಂದಿತ್ತು.

ದುಂಡಪ್ಪ ಬಂದು ಕುಸಿದ ಬದುವನ್ನು ನೋಡಿದ, ತಂಬಾಕು ತಿಕ್ಕಿದ. ಅತ್ತಿಗೆಯೂ ಮಣ್ಣು ಕೊಟ್ಟುಬಿಟ್ಟರೆ ಎರಡೂ ಹೊಲ ಸರಿಸಮ ಆಗುತ್ತವೆ, ಬದುವಿನ ರಗಳೆಯೇ ಇರುವುದಿಲ್ಲ ಎಂದ. ಮಾಲಕನೇ ಹೇಳಿ ಕಳಿಸಿದ್ದನಂತೆ.

"ಆಮ್ಯಾಲ ಏನ ಬೆಳೀಲಿ, ಗರಸಿನ್ಯಾಗ?"

"ಒಂದ ಚೀಲ ಯೂರಿಯಾ ಒಗದ್ರ ಕಲ್ಲಿನ ಮ್ಯಾಲೂ ಬೆಳೀತೈತಿ, ವೈನಿ. ಕಾಲ ಬದಲಾಗೇತ್ರಿ."

"ಕೆರಿಗೆ ಗಾಡಿ ಹೂಡೂದಂದ್ರ ನಿನಗ ಹೊಟ್ಟಿಬ್ಯಾನಿ ಬರತಿತ್ತು, ದುಂಡಪ್ಪಾ. ಮಾರೂ ಮುಂದ ಮಾತ್ರ ಬರಲಿಲ್ಲ ನೋಡು."

ಅವನು ನಗಲು ನೋಡಿದ. ಅವಳು ಸೆರಗು ಸಿಕ್ಕಿಸಿಕೊಂಡು ಭಟ್ಟಿಯ ದಾರಿ ಹಿಡಿದಳು. ಗುರುಪುತ್ರಪ್ಪ ಹಿಂದಿನಿಂದ ಏನೋ ಕೂಗಿದ, ಅವಳು ನಿಲ್ಲಲಿಲ್ಲ.

ಮಾಲಕ ತಗಡಿನ ನೆರಳಲ್ಲಿ ಹೊರಸಿನ ಮೇಲಿದ್ದ. ಬರ್ರಿ, ಕುಂದರ್ರಿ ಎಂದ, ಚಹಾ ತರಿಸುತ್ತೇನೆಂದ. ಅವಳು ಕೂಡಲಿಲ್ಲ. ಮಾತಾದದ್ದು ಒಂದು ಮೊಳಕ್ಕೆ, ಅಗೆದದ್ದು ಸೊಂಟದಷ್ಟು. ಹೆಚ್ಚಿಗೆ ಒಯ್ದ ಮಣ್ಣಿನಲ್ಲಿ ಹತ್ತು ಲಾರಿ ತಿರುಗಿ ತಂದು ತನ್ನ ಬದು ಕಟ್ಟಿಕೊಡಬೇಕೆಂದಳು. ಮಾತಾದದ್ದು ನಿಮ್ಮ ಮೈದುನನ ಸಂಗಡ, ನಿಮ್ಮ ಸಂಗಡ ಅಲ್ಲವಲ್ಲ ಎಂದ ಅವನು. ದನಿ ಏರಿಸಲೂ ಇಲ್ಲ.

"ಮುಂಗಾರಿ ಮಿರಗದ ಮಳಿ ಒಂದ ಆಗಲ್ರಿ. ನಿಮ್ಮ ಹೊಲದಾಗ ನೀರ ನಿಲ್ಲಲಿಲ್ಲಂದ್ರ ಮಣ್ಣ ಕೊಡಾಕ ನೀವಾಗೇ ಬರತೀರಿ. ಎಲ್ಲಾರೂ ಹಂಗೇ ಬಂದಾರ."

ಪದ್ಮವ್ವ ಹೊರಸಿನ ಹತ್ತಿರಕ್ಕೆ ಬಂದಳು. "ನನ್ನ ಹೊಲ ಹರಕೊಂಡ ಹೋಗಿ ಆ ತೆಗ್ಗಿನ್ಯಾಗ ಬೀಳಲಿ. ಬುಟ್ಟಿಲೆ ಹೊತ್ತ ಮತ್ತ ಮ್ಯಾಲ ಹಾಕತೇನಿ. ನಿನ್ನ ಲಾರಿಗೆ ಒಂದ ಹಿಡಿ ಕೊಡಂಗಿಲ್ಲ."

ಮಾಲಕ ತಲೆಯಾಡಿಸಿ ಚಹಾ ಕುಡಿದ. ಇಂಥ ಮಾತು ಅವನು ಮೊದಲೂ ಕೇಳಿದ್ದನೆಂದು ಕಾಣುತ್ತದೆ.

ತಿರುಗಿ ಬರುವ ದಾರಿ ಹಸಿ ಇಟ್ಟಂಗಿಯ ಸಾಲುಗಳ ನಡುವೆ ಇತ್ತು. ಸುಡಲು ಕಾದಿದ್ದ ಸಾಲುಗಳು, ರಾತ್ರಿಯ ಮಳೆಯ ತೇವ ಹೀರಿ ಕಪ್ಪಾಗಿದ್ದವು. ಬಣ್ಣ ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು, ಕೆರೆಯ ಗೋಡು. ಒಂದು ಸಾಲಿನ ಮುಂದೆ ಗಂಗೂಬಾಯಿ ಎಂಬ ಕೂಲಿ ಹೆಂಗಸು ಕುಕ್ಕರಗಾಲಲ್ಲಿ ಕೂತು, ಹೊಲದಲ್ಲಿ ಕಳೆ ತೆಗೆಯುವವರ ಹಾಗೆ ಕುರ್ಪಿಯಿಂದ ಇಟ್ಟಂಗಿಯ ಮೈ ಕೆರೆಯುತ್ತಿದ್ದಳು. ಮಣ್ಣು ಕಲಸಿದ ನೀರಿಗೇ ಇಟ್ಟಂಗಿಗಳಿಂದ ಹಸಿರು ಮೊಳಕೆ ಹೊರಗೆ ಬಂದಿದ್ದವು, ಒಂದೊಂದರಲ್ಲಿ ಎರಡು, ಮೂರು. ಹುಲ್ಲಿರಬೇಕೆಂದುಕೊಂಡಳು ಪದ್ಮವ್ವ. ಬಾಗಿ ಒಂದು ಎಲೆಯನ್ನು ಎರಡು ಬೆರಳಲ್ಲಿ ಸವರಿ ನೋಡಿದಳು. ಸುಗ್ಗಿಯಲ್ಲಿ ಉದುರಿದ ಕಾಳು, ಮಣ್ಣಿನ ಜೊತೆ ಲಾರಿ ಏರಿ ಬಂದಿತ್ತು.

"ಏನ ಮಾಡಾಕತ್ತಿ, ತಂಗಿ?"

"ಕಸಾ ತಗ್ಯಾಕತ್ತೇನ್ರಿ, ಅಕ್ಕಾರ."

"ಇದು ಭತ್ತ ಐತಿ."

ಗಂಗೂಬಾಯಿ ಕೈ ನಿಲ್ಲಿಸಲಿಲ್ಲ. "ಗೊತ್ತೈತ್ರಿ. ಖಾನಾಪುರದ ಬಾಜು ನಮ್ಮ ಹೊಲದಾಗೂ ಇದನ್ನ ಬಿತ್ತತಿದ್ವಿ. ಬೇರ ಹಂಗೇ ಬಿಟ್ಟ ಸುಟ್ರ ಇಟ್ಟಂಗಿಗೆ ತೂತ ಬೀಳತಾವಂತ." ಅವಳು ಒಂದು ಮೊಳಕೆ ಕಿತ್ತು ಹಿಂದೆ ಎಸೆದಳು. "ಇಲ್ಲಿ ಇದಕ್ಕ ಕಸ ಅಂತಾರ್ರಿ."