ತವರಿನ ಕಬ್ಬು ಕುಡಿದ ಕಾರು

ಪೆಟ್ರೋಲಿಗೆ ಕಬ್ಬಿನ ಎಥನಾಲ್ ಬೆರೆಸಲು ಶುರುವಾದಾಗಿನಿಂದ ಹಳೇ ಕಾರುಗಳಿಗೆಲ್ಲ ಇದೊಂದು ಚಟ. ಯಾವ ಊರಿನ ಕಬ್ಬೋ, ಆ ಊರಿನ ಕಡೆಗೇ ಎಳೆಯುತ್ತವೆ. ಅದಕ್ಕೇ ಬಂಕಿನವರು ಕಬ್ಬಿನ ಊರನ್ನು ಬೋರ್ಡಿನಲ್ಲಿ ಬರೆದಿಡುತ್ತಾರೆ.

ಕಳೆದ ಸಲ ನಮ್ಮ ಟ್ಯಾಂಕಿಗೆ ನನ್ನ ತವರು ಕೆಸ್ತೂರಿನ ಕಬ್ಬು ಬಿದ್ದಿತ್ತು. ನಮ್ಮಣ್ಣನ ಜೊತೆ ಜಗಳವಾಡಿ, ಆ ಊರಿಗೆ ಕಾಲಿಡುವುದಿಲ್ಲ ಅಂತ ಆಣೆ ಮಾಡಿದ್ದ ನನ್ನ ಗಂಡ ದಾರಿಯುದ್ದಕ್ಕೂ ಸ್ಟೀರಿಂಗ್ ಜೊತೆ ಗುದ್ದಾಡಿ ಭುಜ ಉಳುಕಿಸಿಕೊಂಡರು. ಸಾಕಪ್ಪಾ ಸಾಕು ಅನ್ನಿಸಿ, ಅವರಿಗೆ ಹೇಳದೆ ಮೆಕ್ಯಾನಿಕ್ ಇಲಿಯಾಸನ ಕೈಲಿ ಪೆಟ್ರೋಲ್ ಪೈಪು ಬದಲು ಮಾಡಿಸಿಬಿಟ್ಟೆ. ಹೊಸ ಪೈಪು ಹಾಕಿದರೆ ಎಳೆತ ನಿಂತೇ ಹೋಗುತ್ತದೆ.

ಇವತ್ತು ಮೈಸೂರಿಗೆ ಹೊರಟಿದ್ದೆವು. ಇವರು ಎರಡು ಬಂಕು ದಾಟಿ, ಕೆಸ್ತೂರಿನ ಬೋರ್ಡಿದ್ದ ಬಂಕಿನಲ್ಲೇ ನಿಲ್ಲಿಸಿದರು.

"ಅಲ್ಲೆಲ್ಲ ಕ್ಯೂ ಜಾಸ್ತಿ," ಅಂದರು. ದಾಟಿ ಬಂದ ಆ ಎರಡು ಬಂಕಿನಲ್ಲೂ ಒಂದು ನರಪಿಳ್ಳೆಯೂ ಇರಲಿಲ್ಲ.

ಮದ್ದೂರಿಗೆ ಬರುತ್ತಲೇ ಕಾರು ಸರಕ್ಕನೆ ನನ್ನ ತವರಿನ ರಸ್ತೆಗೆ ತಿರುಗಿತು.

"ನೋಡು ಚಂದ್ರಿ, ಹೆಂಗ್ ಎಳೀತಾ ಐತೆ! ನಾನೇನ್ ಮಾಡ್ಲಿ?"

ಇವರ ಕೈ ನೋಡಿದೆ. ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು ತಾವೇ ತಿರುಗಿಸುತ್ತಿದ್ದರು. ಮುಖ ಮಾತ್ರ ಸಿಡಿಸಿಡಿ.

"ಹೌದು ಕಣ್ರೀ," ಅಂದೆ. "ಎಳೆದ ಕಡೆಗೇ ಬಿಟ್ಬಿಡಿ. ಪಾಪ, ಭುಜ ನೋವಾದೀತು."