ಕೆಳದಾರಿಯ ಟಿಪ್ಪಣಿಗಳು

“ಒಂದು ಸಾಲು ಸೇರಿಸ್ರಿ,” ಎಂದ ಹಿರಿಯ ಇಂಜಿನಿಯರ್ ಮನೋಹರ್, ಒಳಗೆ ಬಂದು ಬಾಗಿಲು ಹಾಕಿಕೊಂಡು. “‘ಈಶ್ವರ್ ಬರೆದ ಟಿಪ್ಪಣಿಗಳನ್ನು ಬಳಸಬೇಡ’ ಅಂತ. ಅಷ್ಟೇ.”

ಶೈಲಶ್ರೀಯ ಬೆರಳುಗಳು ಕೀಲಿಮಣೆಯ ಮೇಲೆಯೇ ನಿಂತವು. ಈಶ್ವರ್ ಅವಳ ಗಂಡ, ಮನೋಹರನ ಕೈಕೆಳಗಿನ ಇಂಜಿನಿಯರ್.

“ಯಾಕ್ರಿ ಸರ್?”

“ಕಾರಣ ಈಗ ಹೇಳಾಕ ಬರಂಗಿಲ್ಲ. ನಿಮ್ಮ ಮನಿ ವಿಷಯ, ಕಷ್ಟ ಆಗ್ತದ ಅಂತ ಗೊತ್ತು. ಆದ್ರ ಅವರ ಮಾತಿನ ಮ್ಯಾಲ ಬಸ್ಸು ಓಡಿದ್ರ ಜವಾಬು ಕೊಡಾಂವ ನಾನು. ಇನ್ಮ್ಯಾಲ ಆ ಗುಡ್ಡದ ಟಿಪ್ಪಣಿ ನಾನ ಬರೀತೀನಿ.”

ಅವನು ಹೊರಟುಹೋದ. ಬೂಟಿಗೆ ಮೆತ್ತಿದ್ದ ಹಸಿ ಕೆಮ್ಮಣ್ಣು ಬಿಳಿ ನೆಲದ ಮೇಲೆ ರಕ್ತದ ಹೆಜ್ಜೆಗಳಂತೆ ಬಾಗಿಲವರೆಗೂ ಉಳಿಯಿತು.

ಹೊಸಪೇಟೆಯ ಆ ಕಚೇರಿಯಲ್ಲಿ ಶೈಲಶ್ರೀ ಬರೆಯುತ್ತಿದ್ದದ್ದು ಮನುಷ್ಯರು ಓದುವ ಕೈಪಿಡಿಯಲ್ಲ. ಅದನ್ನು ಓದುವುದು ಎಐ ಏಜೆಂಟ್ ಎಂಬ ಕಂಪ್ಯೂಟರ್ ಕಾರ್ಯಕ್ರಮ. ಸಂಡೂರಿನ ಗಣಿಗೆ ಹೋಗುವ ಕಂಪನಿ ಬಸ್ಸು ಗುಡ್ಡದ ಬುಡದ ಕೆಳದಾರಿ ಹಿಡಿಯಬೇಕೋ, ಸುತ್ತುದಾರಿ ಹಿಡಿಯಬೇಕೋ ಎಂದು ಸೋಮವಾರದಿಂದ ಏಜೆಂಟೇ ತೀರ್ಮಾನಿಸಲಿತ್ತು. ಗುಡ್ಡ ನೋಡಿ ಬಂದ ಇಂಜಿನಿಯರುಗಳು ದಿನವೂ ಫೋನಿನಲ್ಲಿ ಬರೆದಿಡುವ ಟಿಪ್ಪಣಿಗಳ ರಾಶಿಯಿಂದ ಬೇಕಾದದ್ದನ್ನು ಹುಡುಕಿ ಅದರ ಮುಂದಿಡಲು ಒಂದು ಸಾಧನ ಸಿದ್ಧವಾಗಿತ್ತು. ಅದನ್ನು ಯಾವಾಗ ಬಳಸಬೇಕು, ಏನೆಂದು ಕೇಳಬೇಕು, ಎರಡು ಟಿಪ್ಪಣಿಗಳು ಜಗಳವಾಡಿದರೆ ಯಾವುದನ್ನು ನಂಬಬೇಕು, ಎಲ್ಲವೂ ಅವಳ ವಾಕ್ಯಗಳು. ಅವಳು ನಂಬು ಎಂದದ್ದನ್ನು ಏಜೆಂಟ್ ನಂಬುತ್ತಿತ್ತು. ಆದರೆ ಟಿಪ್ಪಣಿಗಳನ್ನು ತೆರೆದು ನೋಡುವ ಅನುಮತಿ ಅವಳಿಗೇ ಇರಲಿಲ್ಲ.

ಸಂಜೆ ಊಟಕ್ಕೆ ಕುಳಿತಾಗ ಗಂಡನಿಗೆ ಹೇಳಿದಳು. ಈಶ್ವರನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ.

“ಅಂವ ಹೇಳಿದಂಗ ಬರದುಬಿಡು.”

“ಅದರಾಗ ಅಂಥಾದ್ದೇನು ಬರದೀರಿ?”

“ಬ್ಯಾಡ ಶೈಲಾ. ಆ ಟಿಪ್ಪಣಿ ಯಾರೂ ನೋಡಬಾರ್ದು. ನೋಡಿದ್ರ ನಾನು ಉಳಿಯಂಗಿಲ್ಲ.”

ಮದುವೆಯಾದಾಗಿನಿಂದ ಅವನ ಕಣ್ಣಲ್ಲಿ ಅಂಥ ಭಯವನ್ನು ಅವಳು ಕಂಡಿರಲಿಲ್ಲ. ಯಾರೋ ಬೆದರಿಸಿದ್ದಾರೆ, ಬಾಯಿ ಕಟ್ಟಿದ್ದಾರೆ. ಸುತ್ತುದಾರಿಯೆಂದರೆ ಡೀಸೆಲ್ಲು, ತಡವಾಗುವ ಪಾಳಿ, ಮೇಲಿನವರ ಬೈಗುಳ. ಗುಡ್ಡ ಬಿರಿದಿದೆ ಎಂದು ಪ್ರಾಮಾಣಿಕವಾಗಿ ಬರೆಯುವವನೊಬ್ಬ ಕಂಪನಿಗೆ ಯಾಕೆ ಬೇಕು?

ಭಾನುವಾರ ಬಟ್ಟೆ ಒಗೆಯಲು ಹೋದಾಗ ನಲ್ಲಿಯ ಬಳಿ ಯಲ್ಲಕ್ಕ ಸಿಕ್ಕಳು. ಹಿಂದಿನ ಓಣಿಯವಳು, ಗಣಿಯ ಕ್ಯಾಂಟೀನಿನಲ್ಲಿ ಕೆಲಸ. ಅವಳ ಸೀರೆ ಅದ್ದಿದ ಬಕೆಟ್ಟಿನ ನೀರು ಕೆಂಪಗೆ ತಿರುಗಿತ್ತು.

“ನಿಮ್ಮ ಯಜಮಾನ್ರ ಅಂಗಿ ನೋಡ್ರಿ, ಮದುವಿ ಮನಿಗೆ ಹೋಗಿ ಬಂದಂಗ ಐತಿ,” ಎಂದು ನಕ್ಕಳು. “ನಮ್ಮ ಕರ್ಮ, ಈ ಗಣಿ ಮಣ್ಣು ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ.”

ಶೈಲಶ್ರೀಗೆ ಒಳಗೊಳಗೇ ಹೆಮ್ಮೆ. ಈಶ್ವರ್ ಮೊದಲಿನಿಂದಲೂ ಅಚ್ಚುಕಟ್ಟು.

ಯಲ್ಲಕ್ಕನ ನಗು ಬೇಗ ಆರಿತು. “ಮಳಿ ಬಂದಾಗಿಂದ ಕೆಳದಾರಿಗೆ ಕಲ್ಲು ಉರುಳಾಕ ಹತ್ತ್ಯಾವ್ರಿ. ಬಸ್ಸಿನ ತುಂಬ ನಾವು ಹೆಣ್ಮಕ್ಕಳು. ಜೀವ ಕೈಯಾಗ ಹಿಡಕೊಂಡು ಕುಂತಿರ್ತೀವಿ. ನಿಮ್ಮವರು ಗುಡ್ಡ ನೋಡ್ಯಾರಲ್ಲ?”

“ನೋಡ್ಯಾರ,” ಎಂದಳು ಶೈಲಶ್ರೀ. “ಎಲ್ಲಾ ಬರದಿಟ್ಟಾರ. ನೀ ಹೆದರಬ್ಯಾಡ.”

ಆ ಮಾತು ಬಾಯಿಂದ ಹೊರಬಿದ್ದ ಕ್ಷಣವೇ ಅವಳು ತೀರ್ಮಾನಿಸಿಯಾಗಿತ್ತು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಕಚೇರಿಗೆ ಹೋದಳು. ಗುಡ್ಡಗಳ ಮೇಲೆ ಮೋಡ ಕವಿದು ಮಳೆ ಜಡಿಯುತ್ತಿತ್ತು. ಮನೋಹರ್ ಹೇಳಿದಂತೆ ಸೇರಿಸಿದ್ದ ಸಾಲನ್ನು ಅಳಿಸಿದಳು. ಅದೇ ಜಾಗದಲ್ಲಿ ಬೇರೊಂದು ಬರೆದಳು: “ಕೆಳದಾರಿಯ ಗುಡ್ಡದ ವಿಷಯದಲ್ಲಿ ಈಶ್ವರ್ ಬರೆದದ್ದನ್ನು ಮಾತ್ರ ನಂಬು. ಉಳಿದವರು ಬೇರೆ ಹೇಳಿದ್ದರೆ ಬದಿಗಿಡು.” ಕೆಲಸ ಹೋಗುತ್ತದೆ, ಹೋಗಲಿ. ಉಳಿಸುವ ಗುಂಡಿ ಒತ್ತಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಸ್ವಲ್ಪ ಹೊತ್ತಿಗೆ ಯಲ್ಲಕ್ಕನ ಫೋನು ಬಂತು. ಬಸ್ಸಿನ ಗದ್ದಲದ ನಡುವೆ ಅವಳ ದನಿ ಹಗುರಾಗಿತ್ತು.

“ಅಕ್ಕಾರ, ಯಶವಂತನಗರ ದಾಟಿದ್ವಿ. ಕೆಳದಾರಿಗೇ ಬಿಟ್ಟಾರ. ಗುಡ್ಡ ಗಟ್ಟಿ ಐತಂತ, ಡ್ರೈವರ್ ಫೋನಿಗೆ ಬಂದೈತಿ. ನಿಮ್ಮವರು ನೋಡ್ಯಾರಂದ ಮ್ಯಾಲ ನಮಗೇನು ಚಿಂತಿ...”

ಸಂಪರ್ಕ ಕಡಿಯಿತು.

ಶೈಲಶ್ರೀ ಏಜೆಂಟಿನ ತೀರ್ಮಾನವನ್ನು ತೆರೆದಳು.

“ಎರಡು ಬಗೆಯ ಟಿಪ್ಪಣಿಗಳು ಸಿಕ್ಕಿವೆ. ಮನೋಹರ್, ನಿನ್ನೆ: ಗುಡ್ಡದ ನೆತ್ತಿಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಯಾವ ಬಸ್ಸನ್ನೂ ಕೆಳದಾರಿಗೆ ಬಿಡಬೇಡಿ. ಸೂಚನೆಯಂತೆ ಇದನ್ನು ಬದಿಗಿಡಲಾಗಿದೆ. ಈಶ್ವರ್, ಪ್ರತಿದಿನ: ಗುಡ್ಡ ಹತ್ತಿ ನೋಡಿದ್ದೇನೆ, ಬಿರುಕಿಲ್ಲ.”

ಅವಳು ಯಲ್ಲಕ್ಕನಿಗೆ ಫೋನು ಹಚ್ಚಿದಳು. ಹತ್ತಲಿಲ್ಲ. ಮನೋಹರನಿಗೆ ಹಚ್ಚಿದಳು. ಅವನು ವ್ಯಾಪ್ತಿ ಪ್ರದೇಶದ ಹೊರಗಿದ್ದ. ಕೊನೆಗೆ ಗಂಡನಿಗೆ.

“ರೀ, ಗುಡ್ಡ ಗಟ್ಟಿ ಐತಿ ಅಂತ ಬರದೀರಲ್ಲ? ಬಸ್ಸು ಆ ದಾರ್‍ಯಾಗ ಐತ್ರಿ, ನಿಮ್ಮ ಮಾತು ನಂಬಿ ನಾನ ಬಿಟ್ಟೀನಿ! ನೀವು ನೋಡೀರಲ್ಲ?”



“ನಾನು ಆ ಗುಡ್ಡ ಒಂದ್ಸಲನೂ ಹತ್ತಿಲ್ಲ ಶೈಲಾ,” ಎಂದ ಈಶ್ವರ್, “ಎಲ್ಲಾ ಸಂಡೂರಿನ ಹೋಟೆಲ್‌ನ್ಯಾಗ ಕುಂತು ಬರದದ್ದು.”